ಪಕ್ಕದ ಕಾರ್ಖಾನೆಯ ಭಯ

ಬಂಡವಾಳಶಾಹಿ ದೇಶಗಳೆಲ್ಲ ಒಂದೇ ಅಚ್ಚಿನವು ಎಂಬ ಮಾತು ಕೇಳಿದಾಗಲೆಲ್ಲ ನನಗೊಂದು ಸಣ್ಣ ಪ್ರಶ್ನೆ ಏಳುತ್ತದೆ: ಹದಿನೇಳರ ಹುಡುಗನಿಗೆ ಲೇತ್ ಕೆಲಸ ಕಲಿಸಲು ಕಾರ್ಖಾನೆಯ ಮಾಲೀಕ ಯಾಕೆ ದುಡ್ಡು ಸುರಿಯಬೇಕು? ಕಲಿತವನನ್ನು ಪಕ್ಕದ ಕಾರ್ಖಾನೆಯವನು ನಾಲ್ಕು ಕಾಸು ಹೆಚ್ಚು ಕೊಟ್ಟು ಸೆಳೆದುಕೊಂಡರೆ ಇವನ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಆದರೂ ಜರ್ಮನಿಯಲ್ಲಿ ಕಲಿಸುತ್ತಾರೆ. ಅಲ್ಲಿ ಕೈಗಾರಿಕಾ ಮೆಕ್ಯಾನಿಕ್ ಆಗಲು ಮೂರೂವರೆ ವರ್ಷ ಬೇಕು. ಅಪ್ರೆಂಟಿಸ್ ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆಯಲ್ಲಿ, ಉಳಿದ ದಿನ ಯಂತ್ರದ ಮುಂದೆ, ಭತ್ಯೆ ಪಡೆಯುತ್ತಲೇ ಕಲಿಯುತ್ತಾನೆ. ಕೊನೆಯ ಪರೀಕ್ಷೆ ನಡೆಸುವುದು ಮಾಲೀಕನಲ್ಲ, ಕಂಪನಿಗಳು ಕಡ್ಡಾಯವಾಗಿ ಸದಸ್ಯರಾಗಿರಬೇಕಾದ ಕೈಗಾರಿಕೆ ಮತ್ತು ವಾಣಿಜ್ಯ ಮಂಡಳಿ. ಅದರ ಪ್ರಮಾಣಪತ್ರ ದೇಶದ ಉದ್ದಗಲಕ್ಕೂ ಸಲ್ಲುತ್ತದೆ. ಹಾಗೆ ಸಲ್ಲುವುದರಿಂದಲೇ ಮಾಲೀಕನ ಭಯ ಹೆಚ್ಚಬೇಕಿತ್ತು. ಆದರೆ ಕಾರ್ಮಿಕ ಸಂಘವೂ ಮಾಲೀಕರ ಸಂಘವೂ ಕೂತು ಇಡೀ ಉದ್ಯಮವಲಯಕ್ಕೆ ವೇತನ ಗೊತ್ತುಪಡಿಸುವ ಪದ್ಧತಿ ಇರುವುದರಿಂದ, ಹೆಚ್ಚು ಸಂಬಳದ ಆಸೆ ತೋರಿಸಿ ಹುಡುಗನನ್ನು ಎಳೆದೊಯ್ಯುವ ದಾರಿ ಕಿರಿದಾಗುತ್ತದೆ. ಶಾಲೆ, ಮಂಡಳಿ, ವೇತನ ಒಪ್ಪಂದ ಒಂದಕ್ಕೊಂದು ಆತುಕೊಂಡು ನಿಂತಿವೆ.

ಒಂದನ್ನೇ ಕಿತ್ತು ಬೇರೆಡೆ ನೆಟ್ಟರೆ ಬೇರು ಹಿಡಿಯುವುದು ಕಷ್ಟ. ಬ್ರಿಟನ್ 2017ರಲ್ಲಿ, ಸಂಬಳಕ್ಕೆಂದು ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ವ್ಯಯಿಸುವ ಕಂಪನಿಗಳ ಮೇಲೆ ಶೇ 0.5ರ ಅಪ್ರೆಂಟಿಸ್ ಕರ ಹಾಕಿತು; ಆ ಹಣವನ್ನು ಕಂಪನಿಗಳು ಅಪ್ರೆಂಟಿಸ್ ತರಬೇತಿಗೆ ಮರಳಿ ಬಳಸಬಹುದಿತ್ತು. ಇಂಗ್ಲೆಂಡಿನಲ್ಲಿ ಹೊಸ ಅಪ್ರೆಂಟಿಸ್‌ಗಳ ಸಂಖ್ಯೆ ಏರುವ ಬದಲು ಇಳಿಯಿತು. ಎಷ್ಟೋ ಕಂಪನಿಗಳು ಆ ಹಣವನ್ನು ಈಗಾಗಲೇ ಕೆಲಸದಲ್ಲಿದ್ದವರ ಮ್ಯಾನೇಜ್‌ಮೆಂಟ್ ತರಬೇತಿಗೆ ತಿರುಗಿಸಿದವು. ಇದನ್ನು ಮೋಸವೆನ್ನಲಾರೆ; ಅಲ್ಲಿನ ನಿಯಮದೊಳಗೆ ಅವರಿಗೆ ಕಂಡ ಲೆಕ್ಕ ಅದು.

2009ರ ಹಿಂಜರಿತದಲ್ಲಿ ದೇಶದೇಶಗಳ ನಡುವಿನ ಈ ಅಂತರ ಎದ್ದು ಕಂಡಿತು. ಜರ್ಮನಿಯ ಜಿಡಿಪಿ ಶೇ 5ಕ್ಕೂ ಹೆಚ್ಚು ಕುಸಿಯಿತು, ಅಮೆರಿಕದ ಕುಸಿತ ಅದಕ್ಕಿಂತ ಕಡಿಮೆ. ಆದರೂ ಅಕ್ಟೋಬರ್ ವೇಳೆಗೆ ನಿರುದ್ಯೋಗ ಶೇ 10 ಮುಟ್ಟಿದ್ದು ಅಮೆರಿಕದಲ್ಲಿ. ಜರ್ಮನಿಯ ಕಂಪನಿಗಳು ಕೆಲಸದ ಗಂಟೆ ಕಡಿತಗೊಳಿಸಿ, ನಷ್ಟವಾದ ಸಂಬಳದ ಒಂದು ಭಾಗವನ್ನು ಸರ್ಕಾರಿ ವಿಮೆಯಿಂದ ಕೊಡಿಸಿ, ಜನರನ್ನು ಉಳಿಸಿಕೊಂಡವು. ಮೂರೂವರೆ ವರ್ಷ ಕಲಿಸಿದವನನ್ನು ಮೂರು ತಿಂಗಳ ಹಿಂಜರಿತಕ್ಕಾಗಿ ಕಳೆದುಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಹಾಗೆಂದು ಅಮೆರಿಕದ ದಾರಿ ಕೀಳಲ್ಲ: ಸುಲಭವಾಗಿ ಸೇರಿಸಿ ಸುಲಭವಾಗಿ ಬಿಡಿಸಬಲ್ಲ ಕಾನೂನು, ನಷ್ಟಕ್ಕೆ ಹೆದರದ ವೆಂಚರ್ ಬಂಡವಾಳ ಎರಡೂ ಸೇರಿದ್ದರಿಂದಲೇ ಅಲ್ಲಿ ಹೊಸ ಉದ್ಯಮಗಳು ಅಷ್ಟು ಬೇಗ ಹುಟ್ಟಿದವು.

ಈಗ ಜರ್ಮನಿಯಲ್ಲಿ ಅಂಥ ವೇತನ ಒಪ್ಪಂದಗಳ ವ್ಯಾಪ್ತಿ ಸುಮಾರು ಅರ್ಧದಷ್ಟು ನೌಕರರಿಗೆ ಕುಗ್ಗಿದೆ, ಅಪ್ರೆಂಟಿಸ್‌ಗಳಿಗೆ ತರಬೇತಿ ಕೊಡುವ ಕಂಪನಿಗಳ ಪಾಲೂ ಇಳಿಯುತ್ತ ಬಂದಿದೆ. ಎರಡನೆಯದಕ್ಕೆ ಬೇರೆ ಕಾರಣಗಳೂ ಇವೆ. ಆದರೂ ಪಕ್ಕದ ಕಾರ್ಖಾನೆಯ ಭಯ ಮೆಲ್ಲಗೆ ಮರಳುತ್ತಿದೆಯೇನೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.