ಹಳೇ ಪಿಕಪ್ ತಗೊಳ್ಳಬಹುದಾ?

ಅಡಿಕೆ ಕೊಯ್ಲು ಹತ್ತಿರ ಬಂತು ಅಂದರೆ ಈ ಪ್ರಶ್ನೆ ಶುರು. "ಅಣ್ಣಾ, ಒಂದು ಹಳೇ ಪಿಕಪ್ ನೋಡಿದ್ದೀನಿ, ತಗೊಳ್ಳಲಾ?" ತೀರ್ಥಹಳ್ಳಿಯ ಗೆಳೆಯರು, ಹೊಸನಗರದ ನೆಂಟರು, ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ ತಗೊಳ್ಳಿ. ಆದರೆ ಎಂಜಿನ್ ಸದ್ದು ಕೇಳುವ ಮೊದಲು, ಆ ಗಾಡಿ ಇಷ್ಟು ವರ್ಷ ಏನು ಹೊತ್ತಿತ್ತು ಅಂತ ಕೇಳಿ.

ನಾನು ಕೇಳಿರಲಿಲ್ಲ. ಕರಾವಳಿಯಿಂದ ಬಂದ ಗಾಡಿ, ಹೊಸ ಪೇಂಟು, ಹೊಸ ಟೈರು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎರಡನೇ ಮಳೆಗಾಲದಲ್ಲಿ ಗೊಬ್ಬರ ತುಂಬಿಕೊಂಡು ತೋಟದ ಏರು ಹತ್ತುವಾಗ ಹಿಂದೆ ಟಪ್ ಅಂತು. ಇಳಿದು ನೋಡಿದರೆ ಚಾಸಿಯೇ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟೇ, ಬಿರುಕು ಬಿಟ್ಟಿತ್ತು. ಅದು ಮೀನು ಸಾಗಿಸುತ್ತಿದ್ದ ಗಾಡಿ ಅಂತ ಆಮೇಲೆ ತಿಳಿಯಿತು. ಮೀನಿನ ಪೆಟ್ಟಿಗೆಯಿಂದ ಸೋರಿದ ಉಪ್ಪುನೀರು ಚಾಸಿಯ ಸಂದಿಯಲ್ಲಿ ನಿಂತರೆ ಕಬ್ಬಿಣವನ್ನು ಒಳಗಿಂದಲೇ ತಿನ್ನುತ್ತದೆ. ನಮ್ಮ ಮಳೆ ಉಳಿದ ಕೆಲಸ ಮುಗಿಸುತ್ತದೆ.

ಹಾಗಾಗಿ ಒಂದು ಗೋಣಿಚೀಲ ಹಾಸಿ ಗಾಡಿಯ ಅಡಿ ಮಲಗಿ. ಕೈಯಲ್ಲಿ ಟಾರ್ಚು, ಸಣ್ಣ ಸುತ್ತಿಗೆ ಇರಲಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಚಾಸಿಗೆ ಮಾತ್ರ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲೇ ಕೆರೆದು ನೋಡಿ. ವೆಲ್ಡಿಂಗ್ ಗುರುತು ಇದ್ದರೆ, ಹಿಂದಿನ ಸ್ಪ್ರಿಂಗಿಗೆ ಜಾಸ್ತಿ ಪ್ಲೇಟು ಸೇರಿಸಿದ್ದರೆ, ಆ ಗಾಡಿ ಅಳತೆ ಮೀರಿ ಕಲ್ಲೋ ಜಲ್ಲಿಯೋ ಹೊತ್ತಿರುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ನಾನಂತೂ ಮುಟ್ಟುವುದಿಲ್ಲ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ದೋಷ ಗೊತ್ತಾಗುವುದು ಆಗಲೇ. ನೀವು ಹೋಗುವ ಮೊದಲೇ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಅಂತ ಅರ್ಥ.

ಸುಮ್ನೆ ಖಾಲಿ ಗಾಡಿ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. 50 ಕೆಜಿಯ ಹತ್ತು ಚೀಲ ಹಾಕಿಸಿ ಏರು ಹತ್ತಿಸಿ. ಎಂಜಿನ್ ಕೂಗು ಏರಿದರೂ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಆಮೇಲೆ ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಡಿ. ಗೇರು ತಾನಾಗಿ ಜಿಗಿದು ನ್ಯೂಟ್ರಲ್ಲಿಗೆ ಬಂದರೆ ಆ ಗಾಡಿ ಬೇಡ. ಗೇರ್ ಬಾಕ್ಸ್ ಸವೆದಿದೆ. ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಲೋಡು ಹೊತ್ತು ಇಳಿಯುವಾಗ ಹಾಗಾದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಹಿಡಿಯುವುದಿಲ್ಲ. ಇದು ಜೀವದ ಮಾತು, ಇಲ್ಲಿ ರಿಪೇರಿ ಲೆಕ್ಕ ಹಾಕಬೇಡಿ.

ಕಾಗದಪತ್ರದ ವಿಷಯ ಸುಲಭ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ), ಆಮೇಲೆ ಪ್ರತಿ ವರ್ಷ. ಆ ಖರ್ಚನ್ನು ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಹಿಡಿಯಿರಿ. ಆರ್‌ಸಿ (ನೋಂದಣಿ ಪತ್ರ) ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ (ನಮ್ಮ ಆಕ್ಷೇಪ ಇಲ್ಲ ಅನ್ನುವ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಕಾರಿನ ಲೈಸೆನ್ಸಲ್ಲಿ ಓಡಿಸಬಹುದಾ ಅಂತಲೂ ಕೇಳುತ್ತಾರೆ. ಲೋಡು ಸೇರಿ ಒಟ್ಟು 7,500 ಕೆಜಿ ಮೀರದ ಗಾಡಿಗೆ ಎಲ್‌ಎಂವಿ, ಅಂದರೆ ಕಾರಿಗೆ ಕೊಡುವ ಲಘು ವಾಹನದ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಪಿಕಪ್ ಆ ಮಿತಿಯ ಒಳಗೇ ಬರುತ್ತದೆ.

ಗಾಡಿ ನೋಡಲು ಒಬ್ಬರೇ ಹೋಗಬೇಡಿ. ಬಣ್ಣ ನೋಡಿ ಮನಸ್ಸು ಸೋಲುತ್ತದೆ, ನನಗೂ ಹಾಗೇ ಆಗಿದ್ದು. ನಿಮ್ಮೂರಿನ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ.