ಸಿಯಾಟಲ್‌ನಿಂದ ಅಲಾಸ್ಕಾಗೆ ಕಾರಿನಲ್ಲಿ: ಹೊರಡುವವರಿಗೆ ಒಂದಿಷ್ಟು ಮಾತು

ಸಿಯಾಟಲ್ ಕಡೆಯ ನಮ್ಮ ಕನ್ನಡದವರು ಅಲಾಸ್ಕಾ ಅಂದರೆ ಸಾಮಾನ್ಯವಾಗಿ ಆಂಕರೇಜ್‌ಗೆ ವಿಮಾನ ಹತ್ತುತ್ತಾರೆ. ಅಲ್ಲಿ ಕಾರು ಬಾಡಿಗೆಗೆ ತಗೊಂಡು ಒಂದು ವಾರ ಸುತ್ತಿ ಬರುತ್ತಾರೆ. ರಜೆ ಕಡಿಮೆ ಇದ್ದರೆ ಅದೇ ಸರಿ. ಆದರೆ ಮೂರು ವಾರವಾದರೂ ಸಿಗುತ್ತದೆ ಅಂದರೆ ಮನೆಯಿಂದಲೇ ಕಾರಿನಲ್ಲಿ ಹೊರಡಿ. ಒಂದು ಕಡೆಗೆ ಸುಮಾರು 3,600 ಕಿ.ಮೀ. ಪ್ಲಾನ್ ಮಾಡುವಾಗ ಎಲ್ಲರೂ ಕೆನಡಾ ಭಾಗವನ್ನು ಬೇಗ ಓಡಿಸಿ ಮುಗಿಸಿ, ದಿನಗಳನ್ನು ಅಲಾಸ್ಕಾಗೆ ಉಳಿಸಿಕೊಳ್ಳಲು ನೋಡುತ್ತಾರೆ. ಹಾಗೆ ಮಾಡಬೇಡಿ. ಪ್ರಾಣಿಗಳು ಜಾಸ್ತಿ ಕಾಣುವುದು, ಊರೇ ಇಲ್ಲದ ಕಾಡು ಸಿಗುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಫೋರ್ಟ್ ನೆಲ್ಸನ್ ಊರಿನಿಂದ, ಅದರಾಚೆಯ ಯೂಕಾನ್ ಪ್ರದೇಶದ ಕ್ಲುವಾನೆ ಸರೋವರದವರೆಗಿನ ದಾರಿಯಲ್ಲಿ. ಅಲ್ಲಿ ದಿನಕ್ಕೆ 400 ಕಿ.ಮೀ.ಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ.

ಮೊದಲು ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇದ್ದು ಎಚ್1ಬಿ ಕೆಲಸದ ವೀಸಾ ಮೇಲೆ ಅಮೆರಿಕದಲ್ಲಿ ಇರುವವರಿಗೆ ಕೆನಡಾ ವೀಸಾ ಬೇಕೇ ಬೇಕು, ತಿಂಗಳುಗಳ ಮುಂಚೆಯೇ ಅರ್ಜಿ ಹಾಕಿ. ಗ್ರೀನ್ ಕಾರ್ಡ್ ಇರುವವರಿಗೆ ಕಾರ್ಡು ಮತ್ತು ಪಾಸ್‌ಪೋರ್ಟ್ ಸಾಕು. ಅಲಾಸ್ಕಾ ಗಡಿಯಲ್ಲಿ ಮತ್ತೆ ಅಮೆರಿಕದ ಒಳಗೆ ಬರುತ್ತೀರಿ ಅನ್ನುವುದು ನೆನಪಿರಲಿ. ಪಾಸ್‌ಪೋರ್ಟ್‌ನಲ್ಲಿ ಅಮೆರಿಕ ವೀಸಾದ ಅವಧಿ ಮುಗಿದಿದ್ದರೆ ವಕೀಲರನ್ನು ಕೇಳಿಕೊಂಡೇ ಹೊರಡಿ. ಬಾಡಿಗೆ ಕಾರಾದರೆ ಕೆನಡಾಗೆ ಹೋಗಲು, ಜಲ್ಲಿ ರಸ್ತೆಯಲ್ಲಿ ಓಡಿಸಲು ಒಪ್ಪಿಗೆ ಇದೆಯಾ ಅಂತ ಕರಾರು ಓದಿ.

ಅಲಾಸ್ಕಾ ಹೈವೇ ಶುರುವಾಗುವುದು ಬ್ರಿಟಿಷ್ ಕೊಲಂಬಿಯಾದ ಡಾಸನ್ ಕ್ರೀಕ್‌ನಲ್ಲಿ. ಪರ್ಲ್ ಹಾರ್ಬರ್ ದಾಳಿಯ ನಂತರ, 1942ರಲ್ಲಿ, ಅಮೆರಿಕದ ಸೈನಿಕರು ಎಂಟು ತಿಂಗಳ ಆಸುಪಾಸಿನಲ್ಲಿ ಈ ದಾರಿ ಕಡಿದರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಕರಿಯ ಸೈನಿಕರು. ಉತ್ತರದಲ್ಲಿ ನೆಲದ ಅಡಿ ವರ್ಷಪೂರ್ತಿ ಹೆಪ್ಪುಗಟ್ಟಿದ ಮಣ್ಣು. ಮೇಲಿನ ಪಾಚಿ, ಗಿಡ ಕೆರೆದು ತೆಗೆದ ತಕ್ಷಣ ಅಡಿಯ ಐಸ್ ಕರಗಿ ರಸ್ತೆ ಕೆಸರಾಗುತ್ತಿತ್ತು. ಅದೇ ಕಾಟ ಇವತ್ತಿಗೂ ಇದೆ. ಕ್ಲುವಾನೆ ಸರೋವರದ ದಡದ ಡಿಸ್ಟ್ರಕ್ಷನ್ ಬೇ ಊರು ದಾಟಿದ ಮೇಲೆ ಅಲಾಸ್ಕಾ ಗಡಿಯವರೆಗೆ ಡಾಂಬರು ಅಲ್ಲಲ್ಲಿ ಉಬ್ಬಿರುತ್ತದೆ, ಕುಸಿದಿರುತ್ತದೆ. ದೂರದಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಅಲ್ಲಿ ನಿಧಾನವಾಗಿ ಹೋದರೆ ಆಕ್ಸಲ್ ಉಳಿಯುತ್ತದೆ.

ಸ್ಟೆಪ್ನಿ ಪೂರ್ತಿ ಅಳತೆಯದ್ದೇ ಇರಲಿ. ಎದುರಿನ ಲಾರಿಯಿಂದ ಜಲ್ಲಿ ಹಾರಿ ಮುಂದಿನ ಗಾಜಿಗೆ ಬೀಳುವುದು ಇಲ್ಲಿ ಮಾಮೂಲಿ, ಇನ್ಶೂರೆನ್ಸ್‌ನಲ್ಲಿ ಗಾಜು ಸೇರಿದೆಯಾ ನೋಡಿ. ಯೂಕಾನ್‌ನಲ್ಲಿ ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು, ಕಾನೂನೇ ಹಾಗಿದೆ. ಟ್ಯಾಂಕು ಅರ್ಧಕ್ಕೆ ಇಳಿದಾಗ ಸಿಕ್ಕ ಬಂಕ್‌ನಲ್ಲೇ ತುಂಬಿಸಿ, ರೇಟು ನೋಡಿಕೊಂಡು ಮುಂದೆ ಹೋಗಬೇಡಿ. ಮೊಬೈಲ್ ಸಿಗ್ನಲ್ ನೂರಾರು ಕಿ.ಮೀ. ಇರುವುದಿಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕಾಳ್ಗಿಚ್ಚಿಗೆ ರಸ್ತೆ ಮುಚ್ಚುವುದೂ ಉಂಟು. 2024ರ ಮೇ ತಿಂಗಳಲ್ಲಿ ಫೋರ್ಟ್ ನೆಲ್ಸನ್ ಊರನ್ನೇ ಖಾಲಿ ಮಾಡಿಸಿದ್ದರು. ರಸ್ತೆ ಸ್ಥಿತಿ ತಿಳಿಸುವ ಡ್ರೈವ್ ಬಿಸಿ, 511 ಯೂಕಾನ್ ವೆಬ್‌ಸೈಟ್ ಎರಡನ್ನೂ ದಿನಾ ಬೆಳಗ್ಗೆ ನೋಡಿ.

ಫೋರ್ಟ್ ನೆಲ್ಸನ್‌ನಿಂದ ಯೂಕಾನ್‌ನ ವಾಟ್ಸನ್ ಲೇಕ್ ಊರಿನವರೆಗೆ ಸುಮಾರು 500 ಕಿ.ಮೀ. ಇದನ್ನು ಒಂದೇ ದಿನದಲ್ಲಿ ಓಡಿಸಿಬಿಡಬಹುದು. ನಾನಂತೂ ಎರಡು ದಿನ ಕೊಡಿ ಅನ್ನುತ್ತೇನೆ. ಮಂಚೋ ಲೇಕ್ ಹತ್ತಿರ ಕಾಡುಕುರಿಗಳು ರಸ್ತೆ ಬದಿಯ ಮಣ್ಣಿನ ಉಪ್ಪು ನೆಕ್ಕಲು ಇಳಿದು ಬರುತ್ತವೆ. ಲಿಯಾರ್ಡ್ ಬಿಸಿನೀರಿನ ಬುಗ್ಗೆ ದಾಟಿದ ಮೇಲೆ ಬೈಸನ್ ಅನ್ನುವ ದೊಡ್ಡ ಕಾಡುದನಗಳ ಹಿಂಡು. ಗಂಡು ಬೈಸನ್ ಒಂದು ಟನ್ ಹತ್ತಿರ ತೂಗುತ್ತದೆ. ಜೂನ್‌ನಲ್ಲಿ ಚಳಿಗಾಲದ ಉಣ್ಣೆ ಉದುರುವ ಹೊತ್ತು, ಭುಜದ ಮೇಲೆ ಹಳೇ ಕಂಬಳಿಯ ಚಿಂದಿಯ ಹಾಗೆ ನೇತಾಡುತ್ತಿರುತ್ತದೆ. ದೂಳಿನಲ್ಲಿ ಹೊರಳಿ ಅದನ್ನು ಕಿತ್ತುಕೊಳ್ಳುತ್ತವೆ. ಕರುಗಳು ಮಾತ್ರ ಕೆಂಗಂದು ಬಣ್ಣ. ನಾವು ಎಂಜಿನ್ ಆಫ್ ಮಾಡಿ ಕೂತಿದ್ದಾಗ ಒಂದು ತಾಯಿ ಬೈಸನ್ ಬಾನೆಟ್ಟಿನ ಮುಂದೆಯೇ ನಿಂತು, ಕರು ದಾಟಿದ ಮೇಲೆ ತಾನು ದಾಟಿತು. ಅದರ ಉಸಿರಾಟ ಒಳಗೆ ಕೇಳಿಸುತ್ತಿತ್ತು. ಅವು ರಸ್ತೆ ಬಿಡುವವರೆಗೆ ಕಾಯಿರಿ, ಹಾರ್ನ್ ಮಾಡಬೇಡಿ, ಕಾರಿನಿಂದ ಇಳಿಯಲೇಬೇಡಿ. ಮುಸ್ಸಂಜೆ ಮೇಲೆ ಓಡಿಸುವುದನ್ನು ಬಿಟ್ಟುಬಿಡಿ, ಕಪ್ಪು ಬೈಸನ್ ಮಬ್ಬಿನಲ್ಲಿ ಕಾಣುವುದಿಲ್ಲ.

ಕರಡಿಗಳು ರಸ್ತೆ ಪಕ್ಕದ ಹುಲ್ಲು, ಹಳದಿ ಹೂವು ಮೇಯುತ್ತಾ ನಿಂತಿರುತ್ತವೆ. ಫೋಟೋಗಾಗಿ ತಿಂಡಿ ಎಸೆಯುವವರನ್ನು ನೋಡಿ ಹೊಟ್ಟೆ ಉರಿಯಿತು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಗುಂಡಿಟ್ಟು ಕೊಲ್ಲುವುದೇ ಜಾಸ್ತಿ. ಕೆನಡಾದ ನ್ಯಾಷನಲ್ ಪಾರ್ಕುಗಳಲ್ಲಿ ಕರಡಿಯಿಂದ 100 ಮೀಟರ್ ದೂರ ಇರಬೇಕು ಅನ್ನುತ್ತಾರೆ, ದಾರಿಯುದ್ದಕ್ಕೂ ಅದನ್ನೇ ಪಾಲಿಸಿ. ನಡೆಯಲು ಹೋಗುವಾಗ ಬೇರ್ ಸ್ಪ್ರೇ (ಕರಡಿ ಮೈಮೇಲೆ ಬಂದರೆ ಹೊಡೆಯುವ ಖಾರದ ಸ್ಪ್ರೇ) ಕೈಗೆ ಸಿಗುವ ಹಾಗಿರಲಿ, ಬ್ಯಾಗಿನ ತಳದಲ್ಲಿದ್ದರೆ ಪ್ರಯೋಜನವಿಲ್ಲ.

ಊಟದ ವಿಷಯದಲ್ಲೂ ಕರಡಿಯನ್ನು ಮರೆಯಬೇಡಿ. ಸಸ್ಯಾಹಾರಿಗಳಿಗೆ ದಾರಿಯಲ್ಲಿ ಹೆಚ್ಚಿಗೆ ಏನೂ ಸಿಗುವುದಿಲ್ಲ. ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟು ಮಿಕ್ಸ್, ಒಂದು ಸಣ್ಣ ಸ್ಟವ್ ಇದ್ದರೆ ಚಿಂತೆಯಿಲ್ಲ. ಒಗ್ಗರಣೆ ವಾಸನೆ ತುಂಬಾ ದೂರ ಹೋಗುತ್ತದೆ. ಟೆಂಟಿನಿಂದ ದೂರ ಅಡುಗೆ ಮಾಡಿ, ಪಾತ್ರೆ ತೊಳೆದು, ಎಲ್ಲವನ್ನೂ ಕಾರಿನೊಳಗೆ ಲಾಕ್ ಮಾಡಿ. ಟೂತ್‌ಪೇಸ್ಟನ್ನೂ ಸಹ. ಹಸಿ ಕರಿಬೇವನ್ನು ಅಮೆರಿಕ ಗಡಿಯಲ್ಲಿ ಬಿಡುವುದಿಲ್ಲ, ಮುಂಚೆಯೇ ಮುಗಿಸಿ.

ಲಿಯಾರ್ಡ್ ಬಿಸಿನೀರಿನ ಬುಗ್ಗೆಯಲ್ಲಿ ಒಂದು ರಾತ್ರಿ ಉಳಿಯಿರಿ, ಕ್ಯಾಂಪ್ ಜಾಗ ಮುಂಗಡ ಬುಕ್ ಮಾಡಿ. ಜೌಗು ಕಾಡಿನ ಮೇಲೆ ಹಾಕಿದ ಹಲಗೆ ದಾರಿಯಲ್ಲಿ ನಡೆದು ಹೋಗಬೇಕು. ಬುಗ್ಗೆ ಹುಟ್ಟುವ ಕಡೆ ನೀರು ಸುಡುತ್ತದೆ, ಮಕ್ಕಳಿದ್ದರೆ ಇನ್ನೊಂದು ತುದಿಯೇ ವಾಸಿ.

ಕ್ಲುವಾನೆಯಲ್ಲಿ ಸರೋವರದ ದಕ್ಷಿಣ ತುದಿಯ ಸೇತುವೆ ಹತ್ತಿರ ಕಾರು ನಿಲ್ಲಿಸಿ. ಅಲ್ಲಿ ಸ್ಲಿಮ್ಸ್ ನದಿ ತುಂಬಿ ಹರಿಯುತ್ತಿತ್ತು. ಅದಕ್ಕೆ ನೀರು ಕೊಡುತ್ತಿದ್ದ ಕಾಸ್ಕವಲ್ಶ್ ಹಿಮನದಿ ಕರಗಿ ಹಿಂದಕ್ಕೆ ಸರಿದು, 2016ರಲ್ಲಿ ನೀರು ಬೇರೆ ಕಣಿವೆಗೆ ತಿರುಗಿತು. ಬೇರಿಂಗ್ ಸಮುದ್ರಕ್ಕೆ ಹೋಗುತ್ತಿದ್ದ ನೀರು ಈಗ ಅಲಾಸ್ಕಾ ಕೊಲ್ಲಿ ಸೇರುತ್ತದೆ. ಗಾಳಿ ಎದ್ದರೆ ಒಣಗಿದ ನದಿಪಾತ್ರದಿಂದ ಬೂದು ದೂಳು ಮೇಲೇಳುತ್ತದೆ. ಅದನ್ನು ನೋಡುತ್ತಾ ನಿಂತಾಗ ತುಂಬಾ ಸಂಕಟವಾಯಿತು.

ಅಲಾಸ್ಕಾದಲ್ಲಿ ಹಿಮನದಿ ನೋಡಲು ದುಬಾರಿ ಹಡಗೇ ಬೇಕಾಗಿಲ್ಲ. ವಾಲ್ಡೀಝ್ ದಾರಿಯ ವರ್ದಿಂಗ್ಟನ್ ಹಿಮನದಿಗೆ ಪಾರ್ಕಿಂಗ್‌ನಿಂದ ಸಣ್ಣ ಕಾಲುದಾರಿ, ವಯಸ್ಸಾದ ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೋಗಬಹುದು. ಮಟನುಸ್ಕ ಹಿಮನದಿ ಗ್ಲೆನ್ ಹೈವೇಯಿಂದಲೇ ಕಾಣುತ್ತದೆ. ಸೀವರ್ಡ್ ಹತ್ತಿರದ ಎಕ್ಸಿಟ್ ಹಿಮನದಿಯ ದಾರಿಯಲ್ಲಿ ಇಸವಿ ಬರೆದ ಬೋರ್ಡುಗಳಿವೆ. ಆ ವರ್ಷ ಐಸ್ ಅಲ್ಲಿಯವರೆಗೆ ಇತ್ತು ಅಂತ ಅರ್ಥ. 2010ರ ಬೋರ್ಡಿನ ಹತ್ತಿರ ನಿಂತರೂ ಐಸ್ ಇನ್ನೂ ದೂರದಲ್ಲಿದೆ. ಡೆನಾಲಿ ನ್ಯಾಷನಲ್ ಪಾರ್ಕಿನ ರಸ್ತೆಯಲ್ಲಿ ಸ್ವಂತ ಕಾರು 15ನೇ ಮೈಲಿವರೆಗೆ ಮಾತ್ರ, ಮುಂದಕ್ಕೆ ಬಸ್. 2021ರ ಆಗಸ್ಟ್‌ನಲ್ಲಿ 45ನೇ ಮೈಲಿ ಹತ್ತಿರ ಗುಡ್ಡ ಕುಸಿದು ರಸ್ತೆ ಮುಚ್ಚಿತು. ನೀವು ಹೋಗುವ ವರ್ಷ ಬಸ್ ಎಲ್ಲಿಯವರೆಗೆ ಅಂತ ನೋಡಿಯೇ ಟಿಕೆಟ್ ತಗೊಳ್ಳಿ.

ವಾಪಸ್ ಬರಲು ಬ್ರಿಟಿಷ್ ಕೊಲಂಬಿಯಾದ ಕ್ಯಾಸಿಯರ್ ಹೈವೇ ಹಿಡಿಯಿರಿ. ಮೆಝಿಯಾಡಿನ್ ಜಂಕ್ಷನ್‌ನಲ್ಲಿ ತಿರುಗಿದರೆ 65 ಕಿ.ಮೀ. ದೂರದಲ್ಲಿ ಕೆನಡಾದ ಸ್ಟುವರ್ಟ್ ಊರು, ಅದಕ್ಕೆ ಅಂಟಿಕೊಂಡೇ ಅಲಾಸ್ಕಾದ ಹೈಡರ್. ಜುಲೈನಿಂದ ಸೆಪ್ಟೆಂಬರ್‌ವರೆಗೆ ಫಿಶ್ ಕ್ರೀಕ್‌ನಲ್ಲಿ ಕರಡಿಗಳು ಸಾಲ್ಮನ್ ಹಿಡಿಯುವುದನ್ನು ಅಟ್ಟಣಿಗೆ ಮೇಲಿಂದ ನೋಡಬಹುದು. ಮುಂದಿನ ಜಲ್ಲಿ ರಸ್ತೆ ಸಾಲ್ಮನ್ ಹಿಮನದಿಯನ್ನು ಮೇಲಿನಿಂದ ತೋರಿಸುತ್ತದೆ. ಹೈಡರ್‌ಗೆ ಹೋಗುವಾಗ ಯಾರೂ ತಡೆಯುವುದಿಲ್ಲ, ಬರುವಾಗ ಕೆನಡಾದವರು ಪಾಸ್‌ಪೋರ್ಟ್ ಕೇಳುತ್ತಾರೆ. ರೂಮಿನಲ್ಲಿ ಬಿಟ್ಟು ಹೋಗಬೇಡಿ.