ಮೇಷ್ಟ್ರು ಗೆದ್ದ ದೋಸೆ ಕೇಸು

ನಮಗೆ ಕಾಂಟ್ರ್ಯಾಕ್ಟ್, ಅಂದರೆ ಒಪ್ಪಂದದ ಕಾನೂನು ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಕೋರ್ಟಿನ ವಕೀಲರ ಬಾರ್ ರೂಮಿನಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಅವರ ಶಿಷ್ಯರೇ. ಮ್ಯಾಗಜೀನ್‌ಗೆ ನೀನೇ ಬರೀಬೇಕು ಅಂತ ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಬ್ಯಾಚಿನಲ್ಲಿ ಚೆನ್ನಾಗಿ ಬರೆಯುತ್ತಿದ್ದವನು ನಾನೇ ಅನ್ನೋದು ಅವರಿಗಿನ್ನೂ ನೆನಪಿದೆ, ಸಂತೋಷ.

ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದ್ದೆ. ಕ್ಲಾಸು ಇನ್ನೂ ಶುರುವಾಗಿರಲಿಲ್ಲ. ಫೀಸು ಕಟ್ಟಿ ಹೊರಗೆ ಬರುತ್ತಿದ್ದ ನಮ್ಮನ್ನು ಮೇಷ್ಟ್ರು ವರಾಂಡದಲ್ಲೇ ಹಿಡಿದರು.

"ಗೈಡ್ ತಗೊಂಡ್ರೇನ್ರಪ್ಪಾ?"

ತಗೊಂಡಿದ್ದೆವು.

"ಅದನ್ನ ಅಟ್ಟಕ್ಕೆ ಹಾಕಿ. ಬೇರ್ ಆ್ಯಕ್ಟ್ ತಗೊಳ್ಳಿ, ಅಂದ್ರೆ ಯಾರ ವಿವರಣೆಯೂ ಇಲ್ಲದ ಮೂಲ ಕಾಯ್ದೆ ಪುಸ್ತಕ, 1872ರ ಕಾಂಟ್ರ್ಯಾಕ್ಟ್ ಆ್ಯಕ್ಟು. ಸೆಕ್ಷನ್ ತಲೆಗೆ ಹತ್ತಲಿಲ್ಲ ಅಂದ್ರೆ ಕೆಳಗಿರೋ ಉದಾಹರಣೆ ಓದಿ. 'ಎ' ಇರೋ ಕಡೆ ನಿಮ್ಮ ಸೋದರಮಾವನ್ನ ಕೂರಿಸಿ, 'ಬಿ' ಇರೋ ಕಡೆ ನಿಮ್ಮಪ್ಪನ್ನ."

4ನೇ ಸೆಕ್ಷನ್ನಿನಲ್ಲಿ 'ಎ' ಅನ್ನುವವನು ಮನೆ ಮಾರುತ್ತೇನೆ ಅಂತ 'ಬಿ'ಗೆ ಕಾಗದ ಬರೆಯುತ್ತಾನೆ. ಕಾಗದ 'ಬಿ' ಕೈ ಸೇರಿದಾಗಲೇ ಪ್ರಸ್ತಾಪ ತಿಳಿಸಿದಂತೆ. ಕನ್ನಡ ಮೀಡಿಯಂನ ನಾನು ಆ ಇಂಗ್ಲಿಷ್ ನೋಡಿ ಬೆವತಿದ್ದೆ. ಆದರೆ ಮನೆ ಮಾರುತ್ತಿರುವವನು ಸೋದರಮಾವ ಅಂದಮೇಲೆ ಅರ್ಥವಾಗದೆ ಇರುತ್ತಾ? ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ ಅಂತಲೂ ಹೇಳಿದ್ದರು. ಸಿನಿಮಾ ಥರದ ವಾದ ಕೇಳಲು ಹೋದವರು ವಾಯಿದೆ ಮೇಲೆ ವಾಯಿದೆ ನೋಡಿ ಬಂದೆವು.

ಮೊದಲ ವರ್ಷ ಬೇರೆ ಯಾವ್ಯಾವ ಪೇಪರ್ ಇದ್ದವು ಅಂತ ಕೇಳಬೇಡಿ. ದೋಸೆ ಕೇಸು ಮಾತ್ರ ಚೆನ್ನಾಗಿ ನೆನಪಿದೆ. ಬೆಳಗಿನ ಕಾಲೇಜು, ಏಳು ಗಂಟೆಗೇ ಕ್ಲಾಸು, ಅರ್ಧ ಕ್ಲಾಸಿಗೆ ತೂಕಡಿಕೆ. ನಾವು ಕೆಲವರು ಸೇರಿ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದೆವು. 'ಈ ವಾರ ಕಾಂಟ್ರ್ಯಾಕ್ಟ್ ಕ್ಲಾಸಿನಲ್ಲಿ ಒಂದು ದಿನವೂ ನಿದ್ದೆ ಮಾಡದೆ ಇದ್ದವರು ಯಾರೇ ಆಗಲಿ, ಅವರಿಗೆ ಮಸಾಲೆ ದೋಸೆ ಬಹುಮಾನ. ದುಡ್ಡು ಕ್ಯಾಂಟೀನ್ ಭಟ್ಟರ ಹತ್ತಿರ ಕಟ್ಟಿದೆ.' ಒಕ್ಕಣೆ ನನ್ನದೇ.

ಶನಿವಾರ ಮೇಷ್ಟ್ರು ಆ ಚೀಟಿ ಹಿಡಿದುಕೊಂಡೇ ಕ್ಲಾಸಿಗೆ ಬಂದರು.

"ವಾರವೆಲ್ಲ ಎಚ್ಚರವಾಗಿದ್ದವನು ನಾನೊಬ್ಬನೇ. ದೋಸೆ ಎಲ್ಲಿ?"

"ಸುಮ್ನೆ ತಮಾಷೆಗೆ ಸಾರ್."

"ಕಾರ್ಬಾಲಿಕ್ ಕಂಪನಿಯವರೂ ಹಂಗೇ ಅಂದ್ರು" ಎಂದವರೇ 1892ರ ಲಂಡನ್ನಿಗೆ ಹೋದರು. ತನ್ನ ಹೊಗೆ ಉಂಡೆ (ಮೂಗಿನಿಂದ ಎಳೆದುಕೊಳ್ಳುವ ಮದ್ದು) ಬಳಸಿದ ಮೇಲೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇನೆ ಅಂದ ಕಂಪನಿ, ಬ್ಯಾಂಕಿನಲ್ಲಿ 1000 ಪೌಂಡ್ ಇಟ್ಟಿದ್ದೇವೆ ಅಂತಲೂ ಜಾಹೀರಾತಿನಲ್ಲಿ ಹಾಕಿತ್ತು. ಜ್ವರ ಬಂದ ಕಾರ್ಲಿಲ್ ಎಂಬ ಹೆಂಗಸು ಕೇಸು ಗೆದ್ದಳು. "ದುಡ್ಡು ಕಟ್ಟಿದೆ ಅಂತ ಬರೆದು ನೀವೂ ಅದೇ ಥರ ಸಿಕ್ಕಿಬಿದ್ರಿ ನೋಡಿ."

ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ತಾನೂ ಎಚ್ಚರವಾಗಿದ್ದೆ ಅಂದ. ಚೀಟಿ ಓದಿದ್ಯಾ ಅಂತ ಕೇಳಿದರು. ಇಲ್ಲ ಅಂದ. "ಹಂಗಾದ್ರೆ ಇಲ್ಲ. 1913, ಅಲಹಾಬಾದ್ ಹೈಕೋರ್ಟ್, ಲಾಲ್‌ಮನ್ ಶುಕ್ಲಾ ಕೇಸು. ಕಳೆದುಹೋದ ಹುಡುಗನ್ನ ಹುಡುಕಿದ, ಆದ್ರೆ ಹುಡುಕುವಾಗ ಬಹುಮಾನದ ವಿಷಯ ಗೊತ್ತಿರಲಿಲ್ಲ." ತೀರ್ಪು ಕೊಟ್ಟ ಮೇಲೆ ಅವನಿಗೂ ದೋಸೆ ಕೊಡಿಸಿದರು, ತಮ್ಮ ದುಡ್ಡಲ್ಲಿ. ಮೇಷ್ಟ್ರ ದೋಸೆಯ ಬಿಲ್ಲು ನಮ್ಮದು.

ಈಗ ಪಕ್ಕದ ಮನೆ ಹುಡುಗಿ ಐದು ವರ್ಷದ ಲಾ ಕೋರ್ಸಿಗೆ ಸೇರಿದ್ದಾಳೆ. ಎಂಟ್ರೆನ್ಸ್ ಕೋಚಿಂಗ್‌ಗೇ ದುಡ್ಡು ಸುರಿದಿದ್ದಾರೆ. ಫೋನಿನ ತುಂಬ ಪಿಡಿಎಫ್, ಎಲ್ಲಾ ಯಾರೋ ಮಾಡಿದ ನೋಟ್ಸು. ಒಂದು ಆ್ಯಕ್ಟನ್ನೂ ಮೊದಲಿಂದ ಕೊನೆವರೆಗೆ ಓದಿಲ್ಲ. ನಂಬರ್ ಬಾಯಿಪಾಠ ಮಾಡಬೇಡ ಅಂದೆ. ನಾವು ಉರು ಹೊಡೆದ 1860ರ ಪೀನಲ್ ಕೋಡ್ 2024ರ ಜುಲೈ 1ಕ್ಕೆ ಹೋಯಿತು. ಫೋರ್ ಟ್ವೆಂಟಿ ಅಂತ ಬೈತಿದ್ದೆವಲ್ಲ, ಆ ವಂಚನೆ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 318. 1872ರದ್ದು ಇನ್ನೂ ಇದೆ. ಅದರ ಬೇರ್ ಆ್ಯಕ್ಟ್ ಅವಳಿಗೆ ಕೊಟ್ಟೆ. ನನ್ನ ಕೈಕೆಳಗೆ ಕಲಿತ ಎಷ್ಟೋ ಜೂನಿಯರ್‌ಗಳು ಇವತ್ತು ಸ್ವಂತ ಆಫೀಸ್ ಮಾಡಿದ್ದಾರೆ, ಎಲ್ಲರಿಗೂ ಮೊದಲು ಕೊಟ್ಟಿದ್ದು ಅದನ್ನೇ.

ನಾಲ್ಕು ದಿನ ಬಿಟ್ಟು ಬಂದಳು. "ಅಂಕಲ್, ವಾಟ್ಸಾಪ್‌ನಲ್ಲಿ ಬ್ಲೂ ಟಿಕ್ ಬಂದ್ರೆ ಪ್ರಸ್ತಾಪ ಗೊತ್ತಾದ ಹಾಗೆ ಅಲ್ವಾ? ಬ್ಲೂ ಟಿಕ್ ಆಫ್ ಮಾಡಿಟ್ಟಿದ್ರೆ?"

'ಎ' ಯಾರು, 'ಬಿ' ಯಾರು ಅಂತ ಮೊದಲು ಹೇಳು ಅಂದೆ.